ಮಳೆಗಾಲದ ಸಿಗ್ನಲ್‌ನಲ್ಲೂ ಬೇಗ ತೆರೆಯುವ ಪುಟ: ಜಾವಾಸ್ಕ್ರಿಪ್ಟಿನ ಹೊರೆ ಇಳಿಸುವ ಕ್ರಮ

ಕೊಡಗಿನ ಒಂದು ಹೋಮ್‌ಸ್ಟೇಯ ಜಾಲತಾಣವನ್ನು ಬೆಂಗಳೂರಿನ ಕಚೇರಿಯಲ್ಲಿ, ಫೈಬರ್ ಸಂಪರ್ಕವಿರುವ ಲ್ಯಾಪ್‌ಟಾಪಿನಲ್ಲಿ ತೆರೆದರೆ ಕ್ಷಣಮಾತ್ರದಲ್ಲಿ ಮೂಡುತ್ತದೆ. ಅದೇ ತಾಣವನ್ನು ಜುಲೈ ತಿಂಗಳಿನಲ್ಲಿ, ಭಾಗಮಂಡಲದ ಕಡೆ ಗಾಳಿಮಳೆಗೆ ಕರೆಂಟು ಹೋಗಿ ಸಿಗ್ನಲ್ ಒಂದು ಕಡ್ಡಿಗೆ ಇಳಿದಿರುವಾಗ, ನಾಲ್ಕೈದು ವರ್ಷ ಹಳೆಯ ಆಂಡ್ರಾಯ್ಡ್ ಫೋನಿನಲ್ಲಿ ತೆರೆದರೆ ಮೊದಲು ಬಿಳಿ ಪರದೆ, ಆಮೇಲೆ ಒಂದೊಂದಾಗಿ ಚಿತ್ರಗಳು, ಕೊನೆಗೆ ಎಷ್ಟು ಒತ್ತಿದರೂ ಅಲುಗದ ಗುಂಡಿಗಳು ಕಾಣಿಸುತ್ತವೆ. ಎಲ್ಲರೂ ನೆಟ್‌ವರ್ಕನ್ನು ಬೈದು ಸುಮ್ಮನಾಗುತ್ತಾರೆ. ಅದರಲ್ಲಿ ನೆಟ್‌ವರ್ಕಿನ ಪಾಲು ಇರುವುದು ನಿಜ. ಆದರೆ ಫೈಲು ಫೋನಿಗೆ ಬಂದು ತಲುಪಿದ ಮೇಲೂ ಕೆಲಸ ಬಾಕಿ ಇರುತ್ತದೆ. 200 ಕಿಲೋಬೈಟಿನ ಚಿತ್ರವೊಂದನ್ನು ಬ್ರೌಸರ್ ಬಿಡಿಸಿ ಪರದೆಗೆ ಹಾಕಿದರೆ ಮುಗಿಯಿತು. ಅಷ್ಟೇ ಗಾತ್ರದ ಜಾವಾಸ್ಕ್ರಿಪ್ಟನ್ನಾದರೋ (ಪುಟದ ಗುಂಡಿ, ಕ್ಯಾಲೆಂಡರುಗಳಿಗೆ ಜೀವ ಕೊಡುವ ಪ್ರೋಗ್ರಾಮ್ ಕೋಡು) ಅದು ಓದಿ ಪಾರ್ಸ್ ಮಾಡಬೇಕು, ಅಂದರೆ ರಚನೆಯನ್ನು ಬಿಡಿಸಿ ತಿಳಿಯಬೇಕು, ನಡೆಸಲು ಸುಲಭವಾದ ಬೈಟ್‌ಕೋಡಿಗೆ ಇಳಿಸಬೇಕು, ಬಳಿಕ ನಡೆಸಬೇಕು. ಅದರಲ್ಲೂ ನಡೆಸುವ ಕೆಲಸ ಆಗುವುದು ಬೆರಳಿನ ಒತ್ತಿಗೆ ಉತ್ತರ ಕೊಡಬೇಕಾದ ಅದೇ ಮುಖ್ಯ ಥ್ರೆಡ್ಡಿನಲ್ಲಿ, ಅಂದರೆ ಒಂದಾದ ಮೇಲೊಂದು ಕೆಲಸ ನಡೆಯುವ ಸಾಲಿನಲ್ಲಿ. ಅಲುಗದ ಗುಂಡಿಗಳಿಗೆ ಕಾರಣ ಅದು.

ವಿವರಣೆಯ ಅನುಕೂಲಕ್ಕಾಗಿ ಮಡಿಕೇರಿಯ ಹತ್ತಿರದ ಒಂದು ಹೋಮ್‌ಸ್ಟೇ ತಾಣವನ್ನು ಊಹಿಸಿಕೊಳ್ಳೋಣ. ಅದರಲ್ಲಿ ಕೋಣೆಗಳ ವಿವರ, ತಾನೇ ಸರಿಯುವ ಫೋಟೋ ಸಾಲು, ಬುಕಿಂಗಿಗೆ ಒಂದು ಕ್ಯಾಲೆಂಡರ್, ದಾರಿ ತೋರಿಸುವ ನಕ್ಷೆ, ಚಾಟ್ ಗುಂಡಿ ಇವೆ. ತೋಟದ ಯಜಮಾನರು ಅಭಿಮಾನದಿಂದ ಹಾಕಿಸಿದ, ಇಂಚು ಲೆಕ್ಕದ ಮಳೆ ದಾಖಲೆಯ ಪುಟವೂ ಇದೆ.

ಮೊದಲು ಅಳೆಯಿರಿ

ಕ್ರೋಮ್ ಬ್ರೌಸರಿನಲ್ಲಿಯೇ ಇರುವ ಪರೀಕ್ಷಾ ಸಲಕರಣೆಯಾದ ಡೆವ್‌ಟೂಲ್ಸ್ ತೆರೆದು, ಎಕ್ಸ್‌ಟೆನ್ಷನ್‌ಗಳ ಗೊಂದಲ ಸೇರದಂತೆ ಇನ್‌ಕಾಗ್ನಿಟೊ ಕಿಟಕಿಯಲ್ಲಿ ಪುಟವನ್ನು ಇಡಿ. ನೆಟ್‌ವರ್ಕಿನ ವೇಗವನ್ನು ನಿಧಾನ 4ಜಿಗೂ ಸಿಪಿಯು ವೇಗವನ್ನು ನಾಲ್ಕನೇ ಒಂದಕ್ಕೂ ಇಳಿಸಿ. ಪುಟಗಳ ವೇಗ ಅಳೆಯುವ ಗೂಗಲ್‌ನ ಲೈಟ್‌ಹೌಸ್ ಪರೀಕ್ಷೆಯು ಮೊಬೈಲ್ ಅಳತೆಗೆ ಬಳಸುವ ಊಹೆಯೂ ಹೀಗೆಯೇ ಇದೆ: ಕೋರಿಕೆ ಸರ್ವರಿಗೆ ಹೋಗಿಬರುವ ಸಮಯ 150 ಮಿಲಿಸೆಕೆಂಡ್, ವೇಗ ಸೆಕೆಂಡಿಗೆ 1.6 ಮೆಗಾಬಿಟ್, ಸಿಪಿಯು ನಾಲ್ಕು ಪಟ್ಟು ನಿಧಾನ. ಈ ವೇಗದಲ್ಲಿ 300 ಕಿಲೋಬೈಟಿನ ಒಂದು ಫೈಲು ಇಳಿಯುವುದಕ್ಕೇ ಒಂದೂವರೆ ಸೆಕೆಂಡು ಹಿಡಿಯುತ್ತದೆ, ಅದೂ ಬೇರೆ ಯಾವ ಫೈಲೂ ಪೈಪೋಟಿಗೆ ಇಲ್ಲದಿದ್ದರೆ ಮಾತ್ರ. ಆದರೂ ಕೃತಕವಾಗಿ ನಿಧಾನಗೊಳಿಸಿದ ಲ್ಯಾಪ್‌ಟಾಪನ್ನು ಪೂರ್ತಿ ನಂಬಬಾರದು. ಒಂದು ಸಾಧಾರಣ ಫೋನನ್ನು ಯುಎಸ್‌ಬಿ ತಂತಿಯಿಂದ ಕಂಪ್ಯೂಟರಿಗೆ ಜೋಡಿಸಿ, ಅದರಲ್ಲಿ ತೆರೆದ ಪುಟವನ್ನು ಡೆವ್‌ಟೂಲ್ಸ್‌ನಿಂದ ನೋಡುವುದೇ ಸರಿಯಾದ ಅಳತೆ.

ಪರ್ಫಾರ್ಮೆನ್ಸ್ ಫಲಕದಲ್ಲಿ ಪುಟದ ಆರಂಭವನ್ನು ದಾಖಲಿಸಿದರೆ ಮುಖ್ಯ ಥ್ರೆಡ್ಡಿನ ಸಾಲಿನಲ್ಲಿ ಹಳದಿ ಪಟ್ಟಿಗಳು ಕಾಣುತ್ತವೆ; ಅವು ಜಾವಾಸ್ಕ್ರಿಪ್ಟಿನವು. ಒಂದೊಂದರ ಮೇಲೂ ಕ್ಲಿಕ್ ಮಾಡಿದರೆ ಕಂಪೈಲ್ ಮಾಡಲು ಎಷ್ಟು ಹೊತ್ತಾಯಿತು, ನಡೆಸಲು ಎಷ್ಟು ಹೊತ್ತಾಯಿತು, ಯಾವ ಫೈಲಿನಿಂದ ಆಯಿತು ಎಂಬುದು ತಿಳಿಯುತ್ತದೆ. 50 ಮಿಲಿಸೆಕೆಂಡಿಗಿಂತ ಉದ್ದನೆಯ ಕೆಲಸಗಳಿಗೆ ಕೆಂಪು ಗುರುತು ಇರುತ್ತದೆ, ಮತ್ತು ತಿದ್ದುವ ಕೆಲಸವನ್ನು ಅವುಗಳಿಂದಲೇ ಆರಂಭಿಸಬೇಕು.

ಅದರ ಜೊತೆಗೆ ಕವರೇಜ್ ಫಲಕವನ್ನು ತಪ್ಪದೆ ನೋಡಿ. ಬಂದ ಕೋಡಿನಲ್ಲಿ ಎಷ್ಟು ನಡೆಯಿತು, ಎಷ್ಟು ಸುಮ್ಮನೆ ಬಿದ್ದಿದೆ ಎಂಬುದನ್ನು ಅದು ಫೈಲುವಾರು ತೋರಿಸುತ್ತದೆ. ಬಳಕೆಯಾಗದ ಭಾಗ ಕೆಂಪಾಗಿರುತ್ತದೆ. ರೋಬಸ್ಟಾ ಚೆರಿಯನ್ನು (ಒಣಗಿಸಿದ ಕಾಫಿ ಹಣ್ಣನ್ನು) ಕೊಳ್ಳುವವರು ಮೂಟೆಯ ತೂಕವೊಂದನ್ನೇ ನೋಡದೆ ಔಟ್‌ಟರ್ನ್ (ಸಿಪ್ಪೆ ತೆಗೆದ ಮೇಲೆ ಸಿಗುವ ಬೀಜದ ಪಾಲು) ಎಷ್ಟು ಎಂದು ಕೇಳುವ ಹಾಗೆ, ಇಲ್ಲಿಯೂ ಫೈಲಿನ ಗಾತ್ರಕ್ಕಿಂತ ಅದರಲ್ಲಿ ಕೆಲಸಕ್ಕೆ ಬಂದದ್ದು ಎಷ್ಟು ಎಂಬುದೇ ಮುಖ್ಯ. ಒಂದು ಎಚ್ಚರಿಕೆ: ಈ ಫಲಕ ತೋರಿಸುವುದು ಅಲ್ಲಿಯವರೆಗೆ ನಡೆದದ್ದನ್ನು ಮಾತ್ರ. ಕ್ಯಾಲೆಂಡರನ್ನು ತೆರೆಯದೆ ಅಳೆದರೆ ಕ್ಯಾಲೆಂಡರಿನ ಕೋಡೆಲ್ಲ ವ್ಯರ್ಥವೆಂಬಂತೆ ಕಾಣುತ್ತದೆ. ಆದ್ದರಿಂದ ಮೊದಲು ಸುಮ್ಮನೆ ತೆರೆದು ಒಮ್ಮೆ ಅಳೆಯಿರಿ, ಮತ್ತೆ ಎಲ್ಲ ಗುಂಡಿಗಳನ್ನೂ ಒತ್ತಿ ಇನ್ನೊಮ್ಮೆ ಅಳೆಯಿರಿ. ಎರಡೂ ಸಲ ಕೆಂಪಾಗಿ ಉಳಿದದ್ದು ತೆಗೆದುಹಾಕಬಹುದಾದ ಕೋಡು. ಮೊದಲ ಸಲ ಮಾತ್ರ ಕೆಂಪಾಗಿದ್ದದ್ದು ತಡವಾಗಿ ತರಿಸಬಹುದಾದ ಕೋಡು.

ಬ್ರೌಸರಿನ ಒಳಗೆ ಆಗುವುದೇನು

ಪುಟದ ಮೂಲ ಬರಹವಾದ ಎಚ್‌ಟಿಎಮ್‌ಎಲ್ ಓದುತ್ತಾ ಸಾಗುವ ಬ್ರೌಸರಿಗೆ ಯಾವ ಆಟ್ರಿಬ್ಯೂಟೂ (ಹೆಚ್ಚುವರಿ ಸೂಚನೆಯೂ) ಇಲ್ಲದ ಸ್ಕ್ರಿಪ್ಟ್ ಟ್ಯಾಗ್ (ಜಾವಾಸ್ಕ್ರಿಪ್ಟನ್ನು ಕರೆಯುವ ಗುರುತು) ಎದುರಾದರೆ ಅದು ಅಲ್ಲಿಗೇ ನಿಲ್ಲುತ್ತದೆ: ಫೈಲು ಬಂದು, ನಡೆದು ಮುಗಿಯುವ ತನಕ ಕೆಳಗಿನ ಪುಟ ರೂಪುಗೊಳ್ಳುವುದಿಲ್ಲ. ಮುಂದಿರುವ ಫೈಲುಗಳನ್ನು ಇಣುಕಿ ನೋಡಿ ಮೊದಲೇ ತರಿಸಿಕೊಳ್ಳುವ ಪ್ರೀಲೋಡ್ ಸ್ಕ್ಯಾನರ್ ಬ್ರೌಸರಿನಲ್ಲಿದೆಯಾದರೂ ಅದು ಕಡಿಮೆ ಮಾಡುವುದು ಡೌನ್‌ಲೋಡಿನ ಕಾಯುವಿಕೆಯನ್ನು ಮಾತ್ರ. ಅಷ್ಟೇ ಅಲ್ಲದೆ, ಆ ಟ್ಯಾಗಿಗಿಂತ ಮೇಲಿರುವ, ಪುಟದ ವಿನ್ಯಾಸ ಹೇಳುವ ಸಿಎಸ್‌ಎಸ್ ಫೈಲು ಇನ್ನೂ ಬಂದಿಲ್ಲವಾದರೆ ಸ್ಕ್ರಿಪ್ಟು ಅದಕ್ಕೂ ಕಾಯುತ್ತದೆ.

ಕ್ರೋಮ್ ಮತ್ತು ಎಡ್ಜ್‌ಗಳಲ್ಲಿ ಜಾವಾಸ್ಕ್ರಿಪ್ಟನ್ನು ನಡೆಸುವ ವಿ8 ಎಂಜಿನ್ ಎಲ್ಲ ಫಂಕ್ಷನ್‌ಗಳನ್ನೂ (ಕರೆದಾಗ ನಡೆಯುವ ಕೋಡಿನ ತುಣುಕುಗಳನ್ನೂ) ಒಂದೇ ಸಲಕ್ಕೆ ಪೂರ್ತಿಯಾಗಿ ಪಾರ್ಸ್ ಮಾಡುವುದಿಲ್ಲ. ಕೂಡಲೇ ಬೇಕಿಲ್ಲದ ಫಂಕ್ಷನ್‌ಗಳ ಮೇಲೆ ಪ್ರೀಪಾರ್ಸರ್ ಎಂಬ ಹಗುರವಾದ ಭಾಗವು ಕಣ್ಣಾಡಿಸಿ, ವ್ಯಾಕರಣದ ತಪ್ಪುಗಳಿಲ್ಲವೆಂದು ಖಚಿತಪಡಿಸಿಕೊಂಡು ಮುಂದೆ ಹೋಗುತ್ತದೆ. ಆ ಫಂಕ್ಷನ್ ಮೊದಲ ಬಾರಿಗೆ ಕರೆಯಲ್ಪಟ್ಟಾಗ ಪೂರ್ಣ ಪಾರ್ಸಿಂಗ್ ನಡೆದು, ಇಗ್ನಿಷನ್ ಎಂಬ ಇಂಟರ್‌ಪ್ರಿಟರಿಗಾಗಿ ಬೈಟ್‌ಕೋಡ್ ತಯಾರಾಗುತ್ತದೆ. ಮತ್ತೆ ಮತ್ತೆ ನಡೆಯುವ ಭಾಗಗಳನ್ನು ಟರ್ಬೊಫ್ಯಾನ್ ಮುಂತಾದ ಕಂಪೈಲರ್‌ಗಳು ಚುರುಕುಗೊಳಿಸುತ್ತವೆ. ಇದರಿಂದ ಎರಡು ಸಂಗತಿಗಳು ತಿಳಿಯುತ್ತವೆ. ಒಮ್ಮೆಯೂ ಬಳಸದ ಕೋಡಿಗೂ ಪ್ರೀಪಾರ್ಸಿಂಗಿನ ಖರ್ಚು ತಪ್ಪುವುದಿಲ್ಲ. ಮತ್ತು ಬಂದೊಡನೆ ನಡೆಯುವ ಫಂಕ್ಷನ್ ಎರಡು ಸಲ ಓದಿಸಿಕೊಳ್ಳಬಹುದು. ಎರಡನೆಯದನ್ನು ತಪ್ಪಿಸಲು ಫಂಕ್ಷನ್ನನ್ನು ಆವರಣದೊಳಗೆ ಹಾಕುವ ಹಳೆಯ ಉಪಾಯವೂ, ಫೈಲಿನ ತಲೆಯಲ್ಲಿ ವಿಶೇಷ ಕಮೆಂಟು ಬರೆದು ಸೂಚನೆ ಕೊಡುವ, ಕ್ರೋಮ್ 136ರಲ್ಲಿ ಬಂದ ಹೊಸ ಸೌಲಭ್ಯವೂ ಇವೆ. ಹೋಮ್‌ಸ್ಟೇ ತಾಣಕ್ಕೆ ಅಷ್ಟು ದೂರ ಹೋಗಬೇಕಾದ ಪ್ರಸಂಗ ಬರುವುದು ಅಪರೂಪ. ಮೊದಲಿನ ಸಂಗತಿಯಲ್ಲಿಯೇ ಬೇಕಾದಷ್ಟು ಕೆಲಸವಿದೆ.

ಡಿಫರ್, ಅಸಿಂಕ್ ಮತ್ತು ಮಾಡ್ಯೂಲ್

ಅತಿ ಕಡಿಮೆ ಶ್ರಮದಲ್ಲಿ ಅತಿ ಹೆಚ್ಚು ಲಾಭ ಸಿಗುವುದು ಇಲ್ಲಿ. ಸ್ಕ್ರಿಪ್ಟ್ ಟ್ಯಾಗಿಗೆ ಡಿಫರ್ ಎಂಬ ಆಟ್ರಿಬ್ಯೂಟ್ ಸೇರಿಸಿದರೆ ಫೈಲಿನ ಡೌನ್‌ಲೋಡು ಎಚ್‌ಟಿಎಮ್‌ಎಲ್ ಓದುವುದರ ಜೊತೆಜೊತೆಗೇ ನಡೆಯುತ್ತದೆ, ಮತ್ತು ಪುಟವನ್ನು ಪೂರ್ತಿ ಓದಿ ಮುಗಿಸಿದ ಮೇಲೆ, ಬರೆದ ಅನುಕ್ರಮದಲ್ಲಿಯೇ ಸ್ಕ್ರಿಪ್ಟುಗಳು ನಡೆಯುತ್ತವೆ. ಅಸಿಂಕ್ ಎಂದು ಬರೆದರೆ ಯಾವುದು ಮೊದಲು ಬಂದಿತೋ ಅದು ಮೊದಲು ನಡೆಯುತ್ತದೆ. ಅನುಕ್ರಮದ ಭರವಸೆ ಇಲ್ಲ. ಮಾಡ್ಯೂಲ್ ಬಗೆಯ ಸ್ಕ್ರಿಪ್ಟುಗಳು ಹೇಳದಿದ್ದರೂ ಡಿಫರ್‌ನಂತೆಯೇ ವರ್ತಿಸುತ್ತವೆ. ನಮ್ಮ ಉದಾಹರಣೆಯಲ್ಲಿ ಕ್ಯಾಲೆಂಡರಿನ ಕೋಡು ಇನ್ನೊಂದು ಲೈಬ್ರರಿಯನ್ನು (ಬೇರೆಯವರು ಬರೆದಿಟ್ಟ ಸಿದ್ಧ ಕೋಡನ್ನು) ಅವಲಂಬಿಸಿರುವುದರಿಂದ ಎರಡಕ್ಕೂ ಡಿಫರ್ ಹಾಕಬೇಕು; ಯಾರೊಂದಿಗೂ ಸಂಬಂಧವಿಲ್ಲದ ಸಂದರ್ಶಕರ ಎಣಿಕೆಯ ಸ್ಕ್ರಿಪ್ಟಿಗೆ ಅಸಿಂಕ್ ಸಾಕು. ಕ್ಯಾಲೆಂಡರಿಗೂ ಅಸಿಂಕ್ ಹಾಕಿದರೆ ಕಚೇರಿಯ ವೈಫೈನಲ್ಲಿ ಎಲ್ಲವೂ ಸರಿಯಾಗಿದ್ದು, ತೋಟದ ಫೋನಿನಲ್ಲಿ ಮಾತ್ರ ಒಮ್ಮೊಮ್ಮೆ ಕೈಕೊಡುವ, ಹುಡುಕಲು ಬಹಳ ಕಷ್ಟವಾದ ದೋಷ ಹುಟ್ಟಿಕೊಳ್ಳುತ್ತದೆ.

ಇದಕ್ಕೆ ಇನ್ನೊಂದು ಲಾಭವೂ ಉಂಟು. 2015ರಲ್ಲಿ ಬಂದ ಕ್ರೋಮ್ 41ರಿಂದ, ಡಿಫರ್ ಅಥವಾ ಅಸಿಂಕ್ ಇರುವ ಫೈಲುಗಳನ್ನು ಅವು ಇನ್ನೂ ಇಳಿಯುತ್ತಿರುವಾಗಲೇ ಹಿನ್ನೆಲೆಯ ಥ್ರೆಡ್ಡಿನಲ್ಲಿ ಪಾರ್ಸ್ ಮಾಡುವ ವ್ಯವಸ್ಥೆ ಬಂದಿದೆ. ಪುಟದೊಳಗೇ ನೇರವಾಗಿ ಬರೆದ ಸ್ಕ್ರಿಪ್ಟಿಗೆ ಈ ಸೌಲಭ್ಯವಿಲ್ಲ. ಒಂದು ಕೋರಿಕೆ ಉಳಿಯಿತೆಂದು ದೊಡ್ಡ ಸ್ಕ್ರಿಪ್ಟನ್ನು ಎಚ್‌ಟಿಎಮ್‌ಎಲ್ ಒಳಗೆ ತುರುಕುವವರು ಇದನ್ನು ನೆನಪಿಡಬೇಕು; ಪುಟದೊಳಗಿನ ಸ್ಕ್ರಿಪ್ಟು ಒಂದು ಕಿಲೋಬೈಟಿನೊಳಗೆ ಇದ್ದರೆ ಒಳ್ಳೆಯದು.

ಕಳುಹಿಸದ ಕೋಡಿಗೆ ಖರ್ಚಿಲ್ಲ

ಮುಂದಿನ ಹೆಜ್ಜೆ ಕತ್ತರಿಸುವುದು. ತಾನೇ ಸರಿಯುವ ಫೋಟೋ ಸಾಲಿಗೆ ಲೈಬ್ರರಿ ಬೇಕಿಲ್ಲ: ಸಿಎಸ್‌ಎಸ್‌ನ ಸ್ಕ್ರೋಲ್ ಸ್ನ್ಯಾಪ್ ಬಳಸಿದರೆ ಬೆರಳಿನಿಂದ ಸರಿಸಬಹುದಾದ ಸಾಲು ಒಂದು ಸಾಲಿನ ಸ್ಕ್ರಿಪ್ಟೂ ಇಲ್ಲದೆ ಸಿಗುತ್ತದೆ, ತಾನೇ ಸರಿಯುವ ಚಿತ್ರಗಳನ್ನು ಕುಳಿತು ನೋಡುವ ಅತಿಥಿಗಳು ಹೇಗೂ ಕಡಿಮೆ. ಚಿತ್ರಗಳನ್ನು ಬೇಕಾದಾಗ ತರಿಸಲು ಬ್ರೌಸರಿನದೇ ಲೇಜಿ ಲೋಡಿಂಗ್ ಇದೆ. ಪ್ರಶ್ನೋತ್ತರಗಳನ್ನು ಬಿಚ್ಚಿ ಮುಚ್ಚಲು ಡೀಟೇಲ್ಸ್ ಟ್ಯಾಗ್ ಸಾಕು. ತಾರೀಖು ತೋರಿಸಲು ಮೊಮೆಂಟ್ ಲೈಬ್ರರಿಯನ್ನು ಹೊತ್ತುಕೊಂಡ ತಾಣಗಳು ಇನ್ನೂ ಇವೆ. ಅದನ್ನು ರೂಪಿಸಿದವರೇ 2020ರಲ್ಲಿ ಹೊಸ ಕೆಲಸಗಳಿಗೆ ಅದನ್ನು ಬಳಸಬೇಡಿರೆಂದು ಹೇಳಿದ್ದಾರೆ, ಮತ್ತು ಬ್ರೌಸರಿನಲ್ಲಿಯೇ ಇರುವ ಇಂಟ್ಲ್ ಸೌಲಭ್ಯವು ತಿಂಗಳು–ವಾರಗಳ ಹೆಸರುಗಳನ್ನು ಕನ್ನಡದಲ್ಲಿಯೇ ಕೊಡುತ್ತದೆ.

ನಕ್ಷೆಯ ವಿಷಯ ಬೇರೆ. ಹೊರಗಿನ ನಕ್ಷೆಯನ್ನು ಪುಟದಲ್ಲಿ ಕೂರಿಸಿದೊಡನೆ ಅದರ ಜೊತೆಗೆ ದೊಡ್ಡ ಪ್ರಮಾಣದ ಜಾವಾಸ್ಕ್ರಿಪ್ಟು ಬರುತ್ತದೆ, ಅತಿಥಿಗೆ ದಾರಿ ಬೇಕಾಗಿರಲಿ ಬಿಡಲಿ. ಅದರ ಬದಲು ನಕ್ಷೆಯ ಸರಳ ಚಿತ್ರವೊಂದನ್ನು ಇಟ್ಟು, ಒತ್ತಿದಾಗ ಮಾತ್ರ ನಿಜವಾದ ನಕ್ಷೆ ಬರುವಂತೆಯೋ ಫೋನಿನ ನಕ್ಷೆಯ ಆ್ಯಪ್ ತೆರೆಯುವಂತೆಯೋ ಮಾಡುವುದು ಲೇಸು. ಚಾಟ್ ಗುಂಡಿಯ ಬಗ್ಗೆ ನನ್ನ ಅಭಿಪ್ರಾಯ ಇನ್ನೂ ಖಾರವಾಗಿದೆ: ಹೋಮ್‌ಸ್ಟೇಯವರೊಡನೆ ಮಾತು ನಡೆಯುವುದೇ ಫೋನಿನಲ್ಲಿ ಮತ್ತು ವಾಟ್ಸಾಪಿನಲ್ಲಿ ಆಗಿರುವಾಗ, ಒಂದು ವಾಟ್ಸಾಪ್ ಕೊಂಡಿ ಮಾಡುವ ಕೆಲಸಕ್ಕೆ ಹೊರಗಿನ ಚಾಟ್ ವಿಜೆಟ್ ಏಕೆ ಬೇಕು?

ಉಳಿದ ಕೋಡನ್ನು, ಹಲವು ಫೈಲುಗಳನ್ನು ಒಟ್ಟುಗೂಡಿಸಿ ಕಟ್ಟುವ ಬಂಡ್ಲರ್ ಮೂಲಕ ಹಾಯಿಸುವಾಗ ಬಳಕೆಯಾಗದ ಭಾಗಗಳನ್ನು ಉದುರಿಸುವ ಟ್ರೀ ಶೇಕಿಂಗ್ ನಿಜವಾಗಿ ಆಗುತ್ತಿದೆಯೇ ಎಂದು ಪರೀಕ್ಷಿಸಿ. ಇಂಪೋರ್ಟ್–ಎಕ್ಸ್‌ಪೋರ್ಟ್ ರೀತಿಯ ಮಾಡ್ಯೂಲುಗಳಲ್ಲಿ ಅದು ಚೆನ್ನಾಗಿ ಆಗುತ್ತದೆ, ಹಳೆಯ ರಿಕ್ವೈರ್ ರೀತಿಯಲ್ಲಿ ಅಷ್ಟಾಗಿ ಆಗುವುದಿಲ್ಲ. ಹಾಗೆಯೇ ಕೋಡನ್ನು ಜಾವಾಸ್ಕ್ರಿಪ್ಟಿನ ಹಳೆಯ ಆವೃತ್ತಿಯಾದ ಇಎಸ್5ಕ್ಕೆ ಇಳಿಸುವ ಹಳೆಯ ಸಂರಚನೆ ಉಳಿದುಕೊಂಡಿದ್ದರೆ ತೆಗೆಯಿರಿ. ಇಂಟರ್ನೆಟ್ ಎಕ್ಸ್‌ಪ್ಲೋರರ್ 11ಕ್ಕೆ ಮೈಕ್ರೋಸಾಫ್ಟ್ 2022ರ ಜೂನ್‌ನಲ್ಲಿಯೇ ವಿದಾಯ ಹೇಳಿದೆ. ಅದಕ್ಕಾಗಿ ಸೇರಿಸಿದ ಪಾಲಿಫಿಲ್‌ಗಳ (ಹಳೆಯ ಬ್ರೌಸರಿನ ಕೊರತೆ ತುಂಬುವ ಕೋಡಿನ) ಭಾರವನ್ನು ಇಂದಿನ ಪ್ರತಿ ಫೋನೂ ಹೊರುವುದರಲ್ಲಿ ಅರ್ಥವಿಲ್ಲ.

ತುಂಡು ಮಾಡುವುದು, ಆದರೆ ಅತಿಯಾಗದಂತೆ

ಎಲ್ಲ ಪುಟಗಳ ಕೋಡನ್ನೂ ಒಂದೇ ಬಂಡಲ್ಲಿನಲ್ಲಿ ಕಟ್ಟಿದರೆ ಕೋಣೆಯ ಬಾಡಿಗೆ ನೋಡಲು ಬಂದವರೂ ಮಳೆ ದಾಖಲೆಯ ಗ್ರಾಫಿನ ಕೋಡನ್ನು ಇಳಿಸಿಕೊಳ್ಳಬೇಕಾಗುತ್ತದೆ. ಪುಟಕ್ಕೊಂದರಂತೆ ಬೇರ್ಪಡಿಸಿ. ಕ್ಯಾಲೆಂಡರಿನಂತಹ, ಒತ್ತಿದ ಮೇಲಷ್ಟೇ ಬೇಕಾಗುವ ಭಾಗವನ್ನು ಡೈನಾಮಿಕ್ ಇಂಪೋರ್ಟ್ ಮೂಲಕ ತರಿಸಿ. ಒತ್ತಿದ ಮೇಲೆ ಕಾಯುವುದು ತಪ್ಪಬೇಕಾದರೆ, ಬುಕಿಂಗ್ ಭಾಗವು ಪರದೆಯ ಹತ್ತಿರಕ್ಕೆ ಬಂದಾಗ ಇಂಟರ್‌ಸೆಕ್ಷನ್ ಅಬ್ಸರ್ವರ್ ನೆರವಿನಿಂದ ಮೊದಲೇ ತರಿಸಿಟ್ಟುಕೊಳ್ಳಬಹುದು. ಬಂಡಲ್ಲು 50ರಿಂದ 100 ಕಿಲೋಬೈಟ್ ದಾಟಿದರೆ ಒಡೆಯಿರಿ ಎಂಬುದು 2019ರಲ್ಲಿ ವಿ8 ತಂಡ ಕೊಟ್ಟ ಸಲಹೆ. ಹಾಗೆಂದು ನೂರಾರು ಚೂರು ಮಾಡುವುದೂ ಸಲ್ಲ: ಚಿಕ್ಕ ಫೈಲುಗಳು ಕಂಪ್ರೆಸ್ ಆಗುವುದು ಕಡಿಮೆ, ಮತ್ತು ಒಂದು ಮಾಡ್ಯೂಲ್ ಇನ್ನೊಂದನ್ನು, ಅದು ಮತ್ತೊಂದನ್ನು ಕರೆಯುವ ಸರಪಳಿಯಿದ್ದರೆ ಪ್ರತಿ ಕೊಂಡಿಗೂ ಒಂದು ಸಲ ಹೋಗಿಬರುವ ಸಮಯ ಕಳೆಯುತ್ತದೆ. ನಾಲ್ಕು ಕೊಂಡಿಗಳ ಸರಪಳಿ ಎಂದರೆ ಮೇಲಿನ ಲೆಕ್ಕದಲ್ಲಿ ಬರೀ ಕಾಯುವುದಕ್ಕೇ 600 ಮಿಲಿಸೆಕೆಂಡ್. ಅಂತಹ ಸರಪಳಿಯನ್ನು ತಪ್ಪಿಸಲಾಗದಿದ್ದರೆ ಮಾಡ್ಯೂಲ್‌ಪ್ರೀಲೋಡ್ ಕೊಂಡಿಗಳನ್ನು ಪುಟದ ತಲೆಯಲ್ಲಿ ಬರೆದು ಎಲ್ಲವನ್ನೂ ಒಟ್ಟಿಗೆ ತರಿಸಿ.

ಕನ್ನಡ ಪಠ್ಯ ಮತ್ತು ಮಳೆಯ ಅಂಕಿಗಳು

ಇಂಗ್ಲಿಷ್ ತಾಣಗಳಿಗೆ ಇಲ್ಲದ ಒಂದು ಹೊರೆ ಕನ್ನಡ ತಾಣಗಳಿಗಿದೆ. ಮಡಿಕೇರಿ ಎಂಬ ಪದದಲ್ಲಿ ಯೂನಿಕೋಡಿನ ಲೆಕ್ಕದಲ್ಲಿ ಏಳು ಸಂಕೇತಗಳಿವೆ. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಕ್ರಮವಾದ ಯುಟಿಎಫ್–8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ ಬೇಕಾಗುವುದರಿಂದ ಆ ಪದಕ್ಕೆ 21 ಬೈಟ್. ಇಎಸ್‌ಬಿಲ್ಡ್ ಎಂಬ ಬಂಡ್ಲರ್ ಬೇರೆ ಸೂಚನೆ ಕೊಡದಿದ್ದರೆ ಆಸ್ಕಿ (ಮೂಲ ಇಂಗ್ಲಿಷ್ ಅಕ್ಷರಪಟ್ಟಿ) ಅಲ್ಲದ ಅಕ್ಷರಗಳನ್ನೆಲ್ಲ ಹಿಂಬಾಗುಗೆರೆಯಿಂದ ಆರಂಭವಾಗುವ ಆರು ಅಕ್ಷರಗಳ ಸಂಕೇತವಾಗಿ ಬದಲಿಸುತ್ತದೆ. ಆಗ ಅದೇ ಪದ 42 ಬೈಟ್ ಆಗುತ್ತದೆ. ಅಡುಗೆ, ಕೋಣೆ, ಸುತ್ತಮುತ್ತಲಿನ ತಾಣಗಳ ವಿವರಗಳೆಲ್ಲ ಜಾವಾಸ್ಕ್ರಿಪ್ಟಿನ ಒಳಗಿದ್ದರೆ ಫೈಲು ಎಷ್ಟು ಉಬ್ಬುತ್ತದೆಂದು ಇದರಿಂದ ಊಹಿಸಬಹುದು. ಕಂಪ್ರೆಸ್ ಆದಾಗ ವ್ಯತ್ಯಾಸ ಕುಗ್ಗುತ್ತದೆ, ಆದರೆ ಎಂಜಿನ್ ಓದುವುದು ಬಿಚ್ಚಿದ ಪಠ್ಯವನ್ನು. ಅಕ್ಷರಗಳ ಸೆಟ್ಟನ್ನು ಯುಟಿಎಫ್–8 ಎಂದು ಸೂಚಿಸಿದರೆ ಈ ಉಬ್ಬರ ನಿಲ್ಲುತ್ತದೆ.

ಅಲ್ಲಿಗೂ ಸಮಸ್ಯೆ ಮುಗಿಯುವುದಿಲ್ಲ. ಇಂಗ್ಲಿಷ್ ಮತ್ತು ಪಶ್ಚಿಮ ಯುರೋಪಿನ ಭಾಷೆಗಳ ಲ್ಯಾಟಿನ್–1 ಪಟ್ಟಿಯೊಳಗಿನ ಅಕ್ಷರಗಳಷ್ಟೇ ಇರುವ ಸ್ಟ್ರಿಂಗನ್ನು (ಅಕ್ಷರಗಳ ಸರಣಿಯನ್ನು) ವಿ8 ಅಕ್ಷರಕ್ಕೆ ಒಂದು ಬೈಟಿನಂತೆ ಇಟ್ಟುಕೊಳ್ಳುತ್ತದೆ. ಅದರಾಚೆಯ ಒಂದೇ ಒಂದು ಅಕ್ಷರ ಸೇರಿದರೂ ಇಡೀ ಸ್ಟ್ರಿಂಗಿಗೆ ಅಕ್ಷರಕ್ಕೆ ಎರಡು ಬೈಟ್ ಬೇಕಾಗುತ್ತದೆ. ಫೈಲಿನ ಮೂಲ ಪಠ್ಯವೂ ಒಂದು ಸ್ಟ್ರಿಂಗೇ ಆದ್ದರಿಂದ, 300 ಕಿಲೋಬೈಟಿನ ಬಂಡಲ್ಲಿನಲ್ಲಿ ಎಲ್ಲೋ ಒಂದು ಕಡೆ ಸುಸ್ವಾಗತ ಎಂದು ಬರೆದಿದ್ದರೂ ಮೆಮೊರಿಯಲ್ಲಿ ಅದು ಸುಮಾರು 600 ಕಿಲೋಬೈಟ್ ಜಾಗ ಹಿಡಿಯುತ್ತದೆ. ಇವೆರಡಕ್ಕೂ ಮದ್ದು ಒಂದೇ: ಕನ್ನಡ ಪಠ್ಯವನ್ನು ಸ್ಕ್ರಿಪ್ಟಿನಲ್ಲಿ ಇಡಬೇಡಿ. ಬದಲಾಗದ ಬರಹವನ್ನು ಸರ್ವರಿನಿಂದಲೇ ಎಚ್‌ಟಿಎಮ್‌ಎಲ್ ಆಗಿ ಕಳುಹಿಸಿ. ಗುಂಡಿಗಳ ಹೆಸರು, ದೋಷ ಸಂದೇಶಗಳಂತಹ ಚಿಕ್ಕ ಪದಗಳನ್ನು ಮಾಹಿತಿ ಮಾತ್ರ ಇರುವ ಪ್ರತ್ಯೇಕ ಜೆಸನ್ ಫೈಲಿನಲ್ಲಿ ಇಡಿ.

ಮಳೆ ದಾಖಲೆಗೂ ಇದೇ ಮಾತು ಅನ್ವಯಿಸುತ್ತದೆ. ಮಾರ್ಚ್ ತಿಂಗಳ ಹೂಮಳೆ, ಜುಲೈಯ ಜಡಿಮಳೆ ಎನ್ನದೆ ವರ್ಷವಿಡೀ ದಿನಕ್ಕೊಂದು ಅಂಕಿ ಬರೆದಿಟ್ಟ ತೋಟದ ಪುಸ್ತಕ ಮೂವತ್ತು ವರ್ಷದ್ದಾದರೆ ಅದರಲ್ಲಿ ಹತ್ತು ಸಾವಿರ ದಾಟಿದ ನಮೂದುಗಳಿರುತ್ತವೆ. ಅವನ್ನು ಜಾವಾಸ್ಕ್ರಿಪ್ಟಿನ ಆಬ್ಜೆಕ್ಟಾಗಿ ಕೋಡಿನಲ್ಲಿಯೇ ಬರೆದರೆ, ಅಲ್ಲಿ ಫಂಕ್ಷನ್, ಲೆಕ್ಕಾಚಾರ ಏನು ಬೇಕಾದರೂ ಬರಬಹುದೆಂಬ ಎಚ್ಚರದಿಂದ ಪಾರ್ಸರ್ ಓದಬೇಕಾಗುತ್ತದೆ, ಮತ್ತು ಆ ಆಬ್ಜೆಕ್ಟು ಎರಡು ಸಲ ಪಾರ್ಸ್ ಆಗುವ ಸಾಧ್ಯತೆಯೂ ಇದೆ. ಜೆಸನ್‌ನ ವ್ಯಾಕರಣ ಬಹಳ ಸರಳವಾದ್ದರಿಂದ ಅದೇ ಮಾಹಿತಿ ಜೆಸನ್ ಆಗಿದ್ದರೆ ಹೆಚ್ಚು ಬೇಗ ಓದಿಸಿಕೊಳ್ಳುತ್ತದೆ. ಹತ್ತು ಕಿಲೋಬೈಟ್ ಮತ್ತು ಅದಕ್ಕಿಂತ ದೊಡ್ಡ ಆಬ್ಜೆಕ್ಟುಗಳಿಗೆ ಜೆಸನ್ ಪಾರ್ಸ್ ವಿಧಾನವನ್ನು ವಿ8 ತಂಡವೇ ಶಿಫಾರಸು ಮಾಡಿದೆ. ಇನ್ನೂ ಒಳ್ಳೆಯದೆಂದರೆ ವರ್ಷಕ್ಕೊಂದು ಜೆಸನ್ ಫೈಲು ಮಾಡಿ, ನೋಡುಗರು ಆರಿಸಿದ ವರ್ಷವನ್ನಷ್ಟೇ ತರಿಸುವುದು.

ಎರಡನೆಯ ಭೇಟಿ

ಸರ್ವರಿನಿಂದ ಹೊರಡುವ ಫೈಲುಗಳು ಬ್ರಾಟ್ಲಿಯಲ್ಲಿ, ಅದಿಲ್ಲದಿದ್ದರೆ ಜಿಜಿಪ್‌ನಲ್ಲಿ ಕಂಪ್ರೆಸ್ ಆಗಿವೆಯೇ ಎಂದು ನೆಟ್‌ವರ್ಕ್ ಫಲಕದಲ್ಲಿ ನೋಡಿ. ಬದಲಾಗದ ಫೈಲುಗಳನ್ನು ಬ್ರಾಟ್ಲಿಯ ಅತ್ಯುಚ್ಚ ಮಟ್ಟವಾದ 11ರಲ್ಲಿ ಮೊದಲೇ ಕಂಪ್ರೆಸ್ ಮಾಡಿ ಇಟ್ಟುಕೊಳ್ಳಬಹುದು. ಫೈಲಿನ ಹೆಸರಿನಲ್ಲಿ ಅದರ ಒಳವಸ್ತುವಿನ ಹ್ಯಾಷ್ (ಒಳವಸ್ತು ಬದಲಾದರೆ ತಾನೂ ಬದಲಾಗುವ ಸಂಕೇತ) ಸೇರಿಸಿ, ಒಂದು ವರ್ಷದ ಕ್ಯಾಷ್ ಅವಧಿಯನ್ನೂ (ಬ್ರೌಸರ್ ಪ್ರತಿಯನ್ನು ಉಳಿಸಿಕೊಳ್ಳುವ ಅವಧಿ) ಇಮ್ಯೂಟಬಲ್ (ಬದಲಾಗದ್ದು) ಎಂಬ ಸೂಚನೆಯನ್ನೂ ಕೊಡಿ. ಬಾಡಿಗೆಯ ದರ ಬದಲಾದಾಗಲೆಲ್ಲ ಲೈಬ್ರರಿಗಳ ಕ್ಯಾಷ್ ಕೂಡ ಹಾಳಾಗದಂತೆ ಅವುಗಳನ್ನು ನಿಮ್ಮ ಸ್ವಂತ ಕೋಡಿನಿಂದ ಬೇರೆ ಫೈಲಿನಲ್ಲಿ ಇಡಿ.

ಕ್ರೋಮ್ ಫೈಲನ್ನಷ್ಟೇ ಅಲ್ಲ, ಅದರಿಂದ ತಯಾರಾದ ಬೈಟ್‌ಕೋಡನ್ನೂ ಉಳಿಸಿಕೊಳ್ಳುತ್ತದೆ. ಮೊದಲ ಭೇಟಿಯಾದ 72 ಗಂಟೆಯೊಳಗೆ ಅದೇ ಸ್ಕ್ರಿಪ್ಟು ಮತ್ತೊಮ್ಮೆ ನಡೆದರೆ ಬೈಟ್‌ಕೋಡು ಡಿಸ್ಕಿನಲ್ಲಿ ಸೇರುತ್ತದೆ. ಮೂರನೆಯ ಸಲದಿಂದ ಪಾರ್ಸ್ ಮತ್ತು ಕಂಪೈಲ್ ಎರಡೂ ಬಹುಪಾಲು ತಪ್ಪುತ್ತವೆ. ಒಂದು ಕಿಲೋಬೈಟಿಗಿಂತ ಚಿಕ್ಕ ಸ್ಕ್ರಿಪ್ಟುಗಳಿಗೆ ಇದು ಅನ್ವಯಿಸುವುದಿಲ್ಲ. ಫೈಲಿನ ವಿಳಾಸದ ಬಾಲಕ್ಕೆ ಪ್ರತಿ ಸಲವೂ ಹೊಸ ಸಮಯವನ್ನು ಅಂಟಿಸುವ ಅಭ್ಯಾಸವಿದ್ದರೆ ಈ ಲಾಭವೆಲ್ಲ ಮಣ್ಣುಪಾಲಾಗುತ್ತದೆ. ಪುಟದ ಹಿನ್ನೆಲೆಯಲ್ಲಿದ್ದು ಕೋರಿಕೆಗಳನ್ನು ನಿಭಾಯಿಸುವ ಸರ್ವಿಸ್ ವರ್ಕರ್ ಎಂಬ ಸ್ಕ್ರಿಪ್ಟಿನ ಸ್ಥಾಪನೆಯ ಹೊತ್ತಿನಲ್ಲಿ ಕ್ಯಾಷಿಗೆ ಸೇರಿಸಿದ ಸ್ಕ್ರಿಪ್ಟುಗಳಿಗಾದರೆ ಕಾಯುವ ಅಗತ್ಯವೂ ಇಲ್ಲ, ಅವುಗಳ ಬೈಟ್‌ಕೋಡು ಪೂರ್ತಿಯಾಗಿ ಆಗಲೇ ತಯಾರಾಗುತ್ತದೆ. ಹೋಮ್‌ಸ್ಟೇಗೆ ಬರುವ ದಾರಿಯಲ್ಲಿ ಸಿಗ್ನಲ್ ತಪ್ಪಿದ ಅತಿಥಿಗೆ ದೂರವಾಣಿ ಸಂಖ್ಯೆ ಮತ್ತು ದಾರಿಯ ವಿವರ ಆಫ್‌ಲೈನಿನಲ್ಲಿಯೂ ಸಿಗುವುದು ಇದರ ಇನ್ನೊಂದು ಅನುಕೂಲ.

ಲೈಬ್ರರಿಗಳನ್ನು ಸಾರ್ವಜನಿಕ ಸಿಡಿಎನ್‌ನಿಂದ (ಫೈಲುಗಳನ್ನು ಹಂಚುವ ಸರ್ವರುಗಳ ಜಾಲದಿಂದ) ತಂದರೆ ಬೇರೆ ತಾಣದಲ್ಲಿ ಈಗಾಗಲೇ ಇಳಿದಿರುವ ಪ್ರತಿಯೇ ಸಿಗುತ್ತದೆ ಎಂಬ ಹಳೆಯ ಸಲಹೆ ಈಗ ಸುಳ್ಳು. 2020ರಲ್ಲಿ ಬಂದ ಕ್ರೋಮ್ 86ರಿಂದ ಕ್ಯಾಷನ್ನು ತಾಣವಾರು ಬೇರ್ಪಡಿಸಲಾಗಿದೆ. ಹೊರಗಿನ ವಿಳಾಸಕ್ಕೆ ಹೊಸ ಸಂಪರ್ಕ ಕಟ್ಟುವ ಸಮಯ ಮಾತ್ರ ಉಳಿದುಕೊಂಡಿರುವುದರಿಂದ ಲೈಬ್ರರಿಗಳನ್ನು ಸ್ವಂತ ಸರ್ವರಿನಲ್ಲಿಯೇ ಇಡುವುದು ಮೇಲು.

ನಡೆಯುವ ಹೊತ್ತಿನ ಕೆಲಸ

ಇಷ್ಟಾದ ಮೇಲೂ 50 ಮಿಲಿಸೆಕೆಂಡ್ ದಾಟುವ ಕೆಲಸಗಳು ಉಳಿದರೆ ಅವನ್ನು ತುಂಡರಿಸಿ, ನಡುನಡುವೆ ಬ್ರೌಸರಿಗೆ ಉಸಿರಾಡಲು ಬಿಡಬೇಕು. ಕ್ರೋಮ್ 129ರಿಂದ ಇದಕ್ಕಾಗಿಯೇ ಷೆಡ್ಯೂಲರ್ ಯೀಲ್ಡ್ ಇದೆ. ಅದಿಲ್ಲದ ಬ್ರೌಸರುಗಳಲ್ಲಿ ಸೊನ್ನೆ ಅವಧಿಯ ಸೆಟ್‌ಟೈಮ್‌ಔಟ್ ಆದೀತು. 2024ರ ಮಾರ್ಚ್‌ನಿಂದ ಗೂಗಲ್‌ನ ಪ್ರಮುಖ ಅಳತೆಗಳಲ್ಲಿ ಸೇರಿರುವ ಐಎನ್‌ಪಿ ಎಂಬುದು ಒತ್ತಿದ ಗುಂಡಿಗೆ ಪುಟ ಉತ್ತರ ಕೊಡಲು ಹಿಡಿಯುವ ಸಮಯವನ್ನೇ ಅಳೆಯುತ್ತದೆ, 200 ಮಿಲಿಸೆಕೆಂಡಿನೊಳಗಿದ್ದರೆ ಚೆನ್ನಾಗಿದೆ ಎಂದು ಅರ್ಥ.

ವರ್ಡ್‌ಪ್ರೆಸ್ ಇದ್ದರೆ

ನಮ್ಮಲ್ಲಿನ ಚಿಕ್ಕ ತಾಣಗಳು ಅನೇಕ ಸಲ ತಾಣ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್ಸಿನಲ್ಲಿ ಇರುವುದರಿಂದ ಅದರ ಬಗ್ಗೆ ಎರಡು ಮಾತು ಅಗತ್ಯ. ಹಲವು ಪ್ಲಗಿನ್ನುಗಳು ತಮ್ಮ ಸ್ಕ್ರಿಪ್ಟನ್ನು ಬೇಕಿರಲಿ ಬೇಡದಿರಲಿ ಎಲ್ಲ ಪುಟಗಳಿಗೂ ಹಾಕುತ್ತವೆ. ಸಂಪರ್ಕ ಪುಟದಲ್ಲಿ ಮಾತ್ರ ಇರುವ ಅರ್ಜಿಯ ಕೋಡು ಕೋಣೆಗಳ ಪುಟದಲ್ಲಿಯೂ ಇಳಿಯುತ್ತಿದೆಯೇ ಎಂದು ನೋಡಿ, ಇದ್ದರೆ ಅಲ್ಲಿ ಕಳಚಿ. 2023ರ 6.3ನೆಯ ಆವೃತ್ತಿಯಿಂದ ಸ್ಕ್ರಿಪ್ಟನ್ನು ಸೇರಿಸುವ ಫಂಕ್ಷನ್ನಿನಲ್ಲಿಯೇ ಡಿಫರ್ ಅಥವಾ ಅಸಿಂಕ್ ಎಂದು ಸೂಚಿಸಬಹುದು. ಜೆಕ್ವೆರಿ ಎಂಬ ಲೈಬ್ರರಿಗೆ ಡಿಫರ್ ಹಾಕುವಾಗ ಮಾತ್ರ ಜಾಗರೂಕರಾಗಿರಬೇಕು: ಪುಟದ ನಡುವೆ ನೇರವಾಗಿ ಬರೆದ, ಜೆಕ್ವೆರಿಯನ್ನು ನಂಬಿಕೊಂಡ ತುಣುಕುಗಳು ಅದಕ್ಕಿಂತ ಮೊದಲೇ ನಡೆದು ಮುಗ್ಗರಿಸುತ್ತವೆ. ಹಾಗಾಗಿ ಒಂದೊಂದೇ ಸ್ಕ್ರಿಪ್ಟನ್ನು ಬದಲಿಸಿ, ಪ್ರತಿ ಬದಲಾವಣೆಯ ನಂತರ ಕನ್ಸೋಲಿನಲ್ಲಿ ಕೆಂಪು ಸಾಲುಗಳಿಲ್ಲವೆಂದು ನೋಡಿಕೊಂಡು, ಬುಕಿಂಗ್ ಅರ್ಜಿಯನ್ನು ಫೋನಿನಿಂದಲೇ ಒಮ್ಮೆ ಕಳುಹಿಸಿ, ಅದು ಯಜಮಾನರ ಮಿಂಚಂಚೆಗೆ ತಲುಪಿದ ಮೇಲೆ ಮುಂದಿನದಕ್ಕೆ ಕೈಹಾಕಿ.